ಕೆಂಡ ಕೇಳಿಕೊಂಡು ಬರುತ್ತಿದ್ದ ಉಪದೇಶಿಯಮ್ಮ

ಆ ಶನಿವಾರ ಬೆಳಿಗ್ಗೆಯೂ ಎಂದಿನಂತೆ ಒಲೆಯ ಬೂದಿ ಬಾಚಿ, ಹಿಂದಿನ ದಿನ ಮುಚ್ಚಿಟ್ಟಿದ್ದ ಕೆಂಡ ಕೆದಕಿ, ಊದುಕೊಳವೆಯಲ್ಲಿ ನಾಲ್ಕು ಸಲ ಊದಿ ಅಂಬಲಿಗೆ ನೀರಿಟ್ಟೆ. ನೀರು ಸದ್ದು ಮಾಡುವ ಹೊತ್ತಿಗೆ ಬಾಗಿಲಲ್ಲಿ ಒಂದು ಅಂಗೈ ಕಾಣಿಸಿತು. ಉಪದೇಶಿಯಮ್ಮನ ಎಡಗೈ. ಸುಟ್ಟು ಸುಟ್ಟು ಚರ್ಮ ದಪ್ಪಗಟ್ಟಿ, ಒಂದು ರೇಖೆಯೂ ಉಳಿಯದೆ, ಹಳೆಯ ಮಣೆಯಂತೆ ನುಣುಪಾಗಿದ್ದ ಅಂಗೈ. ಅದರ ಮೇಲೆ ಒಡೆದ ಮಡಕೆಯ ಚೂರು, ಚೂರಿನಲ್ಲಿ ಒಂದು ಹಿಡಿ ಬೂದಿ.

"ಒಂದು ಕೆಂಡ ಕೊಡವ್ವ."

ಆಗ ಚನ್ನಪಟ್ಟಣದಲ್ಲಿ ನಮ್ಮ ಸಭೆಯವರದು ಹನ್ನೆರಡೇ ಮನೆ. ಒಂದು ಬೀದಿ, ಬೀದಿಯ ತುದಿಗೆ ಹೆಂಚಿನ ಸಣ್ಣ ಚರ್ಚು. ನಾವು ಅದನ್ನು ಗುಡಿ ಎಂದೇ ಅನ್ನುತ್ತಿದ್ದೆವು. ಸ್ವಾಮಿಗಳು, ಎಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಬೆಂಗಳೂರಿನಿಂದ ರೈಲಿನಲ್ಲಿ ಬಂದು ಪೂಜೆ ಮಾಡಿ ಹೋಗುವರು. ಉಳಿದ ಭಾನುವಾರಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಕಲಿಸುವುದು, ಸಾಯುವವರ ಪಕ್ಕ ಕೂರುವುದು, ಮಣ್ಣು ಮಾಡಿಸುವುದು ಉಪದೇಶಿಯ ಕೆಲಸ. ಉಪದೇಶಿ ಪ್ಲೇಗಿನಲ್ಲಿ ತೀರಿಕೊಂಡಿದ್ದರು. ಬೇರೆಯವರನ್ನು ಕಳಿಸುತ್ತೇವೆ ಎಂದವರು ಕಳಿಸಲೇ ಇಲ್ಲ. ಅವರ ಹೆಂಡತಿಯೇ ಆ ಕೆಲಸವನ್ನೆಲ್ಲ ನಡೆಸಿಕೊಂಡು ಬಂದರು. ಓದು ಬಾರದು, ಗಂಡ ಹೇಳುವುದನ್ನು ಕೇಳಿ ಕೇಳಿ ಎಲ್ಲ ಬಾಯಿಪಾಠ.

ಅವರಿಗೊಂದು ವಿಚಿತ್ರ ಅಭ್ಯಾಸವಿತ್ತು. ದಿನಾ ಅಡಿಗೆ ಮುಗಿದ ಮೇಲೆ ತಮ್ಮ ಒಲೆಗೆ ತಾವೇ ನೀರು ಚಿಮುಕಿಸಿ ಆರಿಸಿಬಿಡುವರು. ಬೆಳಿಗ್ಗೆ ಯಾರದಾದರೂ ಮನೆಗೆ ಕೆಂಡಕ್ಕೆ ಹೋಗುವರು. ಇವತ್ತು ಒಂದು ಮನೆ, ನಾಳೆ ಮುಂದಿನ ಮನೆ, ಸರದಿ ತಪ್ಪುವಂತಿಲ್ಲ. ಕೆಂಡ ಕೊಡಲು ಎಷ್ಟು ಹೊತ್ತು ಬೇಕು? ಅಷ್ಟರಲ್ಲಿ ಅವರಿಗೆ ಎಲ್ಲ ತಿಳಿಯುತ್ತಿತ್ತು. ಯಾರಿಗೆ ಜ್ವರ, ಯಾರ ಸೊಸೆ ಮೂಲೆ ಸೇರಿದ್ದಾಳೆ, ಯಾರ ಒಲೆ ಇನ್ನೂ ಹೊತ್ತಿಲ್ಲ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಸ್ಟೇಷನ್ ಗುಮಾಸ್ತರನ್ನು ಮದುವೆಯಾಗಿ ಬಂದ ನನಗೆ ಮೊದಮೊದಲು ಇದು ಬಡತನವೆಂದೇ ಕಂಡಿತು. ನೋಡಿ ಮರುಕಪಟ್ಟೆ. ಆ ಮರುಕ ಎಂಥ ತಪ್ಪು ಮಾಡಿಸಿತೆಂಬುದನ್ನು ಹೇಳಬೇಕು.

ಹದಿನೆಂಟನೆಯ ಇಸವಿಯಲ್ಲಿ, ಜರ್ಮನಿಯ ಯುದ್ಧ ಮುಗಿಯುವ ಹೊತ್ತಿಗೆ ಆ ಇನ್‌ಫ್ಲುಯೆಂಜಾ ಜ್ವರ ಬಂತು. ದಸರೆಯ ಆಸುಪಾಸಿನಲ್ಲಿ ಊರಿಗೆ ಊರೇ ಮಲಗಿತು. ನಮ್ಮ ಬೀದಿಯ ಬೊಂಬೆ ಮೇಸ್ತ್ರಿಯ ಬೆಳೆದ ಮಗ ಹೋದ. ಅದೇ ವಾರ ನನ್ನ ಹನ್ನೊಂದು ತಿಂಗಳ ಮಗಳೂ ಹೋದಳು. ಮೇಸ್ತ್ರಿಯ ಮಗನನ್ನು ಹೊರಲು ಹೆಗಲು ಸಾಲದೆ ಮನೆಮನೆಗೆ ಹೋಗಿ ಕರೆದರು. ನಮ್ಮ ಪಕ್ಕದ ಗಾಡಿಯವರ ಮನೆಯ ಬಾಗಿಲು ತೆರೆಯಲಿಲ್ಲ. ಗಾಡಿಯವನು ಒಳಗೆ ಜ್ವರದಲ್ಲಿ ಮಲಗಿದ್ದ ನಿಜ. ಆದರೆ ಅವನ ಹೆಂಡತಿ ಎದ್ದು ಓಡಾಡುತ್ತಿದ್ದಳು, ಕೂಗಿದ್ದು ಅವಳಿಗೆ ಕೇಳಿಸಿತ್ತು. ಬಾಗಿಲು ತೆರೆದು ಒಂದು ಮಾತೂ ಹೇಳದೆ, ಹೆದರಿ ಅಗಳಿ ಹಾಕಿಕೊಂಡು ಕೂತಿದ್ದಳು. ಕೊನೆಗೆ ಮೇಸ್ತ್ರಿ ಮಗನನ್ನು ಬಾಡಿಗೆ ಆಳುಗಳ ಕೈಲಿ ಹೊರಿಸಿಕೊಂಡು ಹೋದರು.

ಅಲ್ಲಿಂದ ಬೀದಿ ಎರಡಾಯಿತು. ಸೋಜಿಗವೆಂದರೆ ಮೇಸ್ತ್ರಿಯ ಮನೆಯವರಿಗಿಂತ ಗಾಡಿಯವನ ಹೆಂಡತಿಯದೇ ಸಿಟ್ಟು ಜಾಸ್ತಿ. "ನಮ್ಮ ಮನೆಯೋನು ಸತ್ತಿದ್ರೆ ಅವ್ರು ಬತ್ತಿದ್ರಾ?" ಎಂದು ಗೋಡೆಯಾಚೆಯಿಂದ ನನಗೆ ಕೇಳಿಸುವಂತೆ ಅನ್ನುವಳು. ಉಪದೇಶಿಯಮ್ಮನಿಗೆ ಇದು ಗೊತ್ತಿತ್ತು. "ತಪ್ಪು ಮಾಡ್ದೋರೇ ಕಣವ್ವ ಮೊದ್ಲು ಮುನಿಸ್ಕಳೋದು. ಎದುರಿಗೆ ಬರಾಕೆ ನಾಚ್ಕೆ, ಅದ್ಕೆ ಬೈತಾರೆ," ಎಂದಿದ್ದರು. ಭಾನುವಾರದ ಜಪಕ್ಕೆ ಒಂದು ಕಡೆಯವರು ಬಂದರೆ ಇನ್ನೊಂದು ಕಡೆಯವರು ಇಲ್ಲ. ನಾನಂತೂ ಎರಡು ಕಡೆಗೂ ಸೇರದೆ ಹೋಗುವುದನ್ನೇ ಬಿಟ್ಟೆ. ಜಪದ ಪುಸ್ತಕ ಪೆಟ್ಟಿಗೆಯ ತಳ ಸೇರಿತು.

ಆ ಕ್ರಿಸ್ಮಸ್ಸಿಗೆ ನನ್ನ ಯಜಮಾನರು ಬೆಂಗಳೂರಿಗೆ ಹೋದಾಗ ಒಂದು ಡಜನ್ ಬೆಂಕಿಪೆಟ್ಟಿಗೆ ತರಿಸಿದೆ. ಮನೆಗೊಂದರಂತೆ ಹಂಚಿದೆ. ಗುಡಿಗೆ ಹೋಗದಿದ್ದರೂ ಒಂದು ಒಳ್ಳೆಯ ಕೆಲಸವಾದರೂ ಆಗಲಿ ಎಂದು. ನಮ್ಮ ಕಾನ್ವೆಂಟಿನ ಕನ್ಯಾಸ್ತ್ರೀ ಅಮ್ಮನವರು ಹೇಳಿಕೊಟ್ಟ ಶಿಸ್ತು ಅದು: ಯಾರಲ್ಲೂ ಏನನ್ನೂ ಕೇಳದ ಹಾಗೆ ಬದುಕಬೇಕು. ಉಪದೇಶಿಯಮ್ಮ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಒಳ್ಳೇದಾಯ್ತು ಕಣ್ ಮಗ," ಎಂದರು. ಆಮೇಲೆ ಬೀದಿಯ ಉದ್ದಕ್ಕೂ ಕಣ್ಣಾಡಿಸಿ, "ಇನ್ಮ್ಯಾಕೆ ಯಾರೂ ಯಾರ ಬಾಗ್ಲಿಗೂ ಹೋಗಂಗಿಲ್ಲ," ಎಂದರು.

ಅವರು ಗದರಿಸಿ ಹೇಳಿದ್ದಲ್ಲ. ಆದರೂ ನನಗೆ ಅರ್ಥವಾಗಲು ಒಂದೆರಡು ವಾರ ಹಿಡಿಯಿತು. ಎಷ್ಟೇ ಮುನಿಸಿರಲಿ, ಒಲೆ ಆರಿದ ದಿನ ಯಾವಳಾದರೂ ತಲೆ ತಗ್ಗಿಸಿ ಎದುರು ಮನೆಗೆ ಕೆಂಡಕ್ಕೆ ಹೋಗಲೇಬೇಕಿತ್ತು. ಇಲ್ಲವೆನ್ನುವಂತಿರಲಿಲ್ಲ, ಅದು ಬೀದಿಯ ರಿವಾಜು. ಎಷ್ಟೋ ಜಗಳ ಹಾಗೆಯೇ ಮುಗಿಯುತ್ತಿತ್ತು. ಆ ಒಂದು ಬಾಗಿಲನ್ನು ನಾನು ಮುಚ್ಚಿಬಿಟ್ಟಿದ್ದೆ. ಕೆಂಡಕ್ಕೆ ಬರುವವರೆಂದರೆ ಉಪದೇಶಿಯಮ್ಮ ಒಬ್ಬರೇ ಉಳಿದರು. ಬೆಂಕಿಪೆಟ್ಟಿಗೆಯನ್ನು ಗುಡಿಯ ಮೇಣದಬತ್ತಿಗೆ ಇಟ್ಟು, ಅವರು ಮಾತ್ರ ಮಡಕೆಯ ಚೂರು ಹಿಡಿದು ಬರುತ್ತಲೇ ಇದ್ದರು. ಕೆಲವು ಮನೆಗಳಲ್ಲಿ ಮುಖ ಸಿಂಡರಿಸಿದರು. ಗಾಡಿಯವನ ಹೆಂಡತಿ ಒಮ್ಮೆ, "ಕಡ್ಡಿ ಕೊಟ್ಟವ್ರಲ್ಲ, ಗೀರ್ಕಳಕ್ಕೇನು ರೋಗ?" ಎಂದಳು. "ಕಡ್ಡಿ ಮಾತಾಡಲ್ವಲ್ಲ ಕಣವ್ವ," ಎಂದರಂತೆ ಇವರು.

ಒಮ್ಮೆ ಉಪದೇಶಿಯಮ್ಮ ನಮ್ಮ ಮನೆಗೆ ಬಂದಾಗ ನನ್ನ ಯಜಮಾನರು ಪತ್ರಿಕೆಯಲ್ಲಿ ಮುಗಿದ ಯುದ್ಧದ ಸುದ್ದಿ ಓದುತ್ತಿದ್ದರು. "ಅಲ್ಲ ಸ್ವಾಮಿ, ಅಷ್ಟು ದೊಡ್ಡ ಪಟಾಲಮ್ಮುಗಳು ಅದೆಂಗೆ ಸೋಲ್ತವೆ?" ಎಂದು ಕೇಳಿದರು.

"ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸೋಕೆ ಆಗದ ಹಾಗೆ ಮಾಡಿಬಿಟ್ಟರೆ ಮುಗೀತು ಉಪದೇಶಿಯಮ್ಮ. ಆಮೇಲೆ ಗುಂಡೂ ಬೇಕಿಲ್ಲ."

ಅವರು ತುಂಬ ಹೊತ್ತು ತಲೆಯಾಡಿಸಿದರು. "ಅಂಗಾರೆ ನಮ್ಮ ಬೀದೀಲಿ ನಡೀತಿರೋದೂ ಯುದ್ಧವೇ," ಎಂದರು.

ಆ ಶನಿವಾರದ ಬೆಳಿಗ್ಗೆಗೆ ಬರುತ್ತೇನೆ. ಮರುದಿನ ಸ್ವಾಮಿಗಳು ಬರುವವರಿದ್ದರು. ಹಿಂದಿನ ತಿಂಗಳು ಅವರು ಖಂಡಿತವಾಗಿ ಹೇಳಿ ಹೋಗಿದ್ದರು: "ಒಬ್ಬರ ಮುಖ ಒಬ್ಬರು ನೋಡದವರಿಗೆ ನಾನು ಹೇಗೆ ಪೂಜೆ ಮಾಡಲಿ? ಇನ್ನೊಮ್ಮೆ ಹೀಗೇ ಇದ್ದರೆ ಇಲ್ಲಿಗೆ ಬರುವುದನ್ನು ನಿಲ್ಲಿಸುತ್ತೇನೆ. ಗುಡಿಗೆ ಬೀಗ ಹಾಕಿ. ಬೇಕಾದವರು ಬೆಂಗಳೂರಿಗೆ ಬನ್ನಿ." ಗುಡಿ ಮುಚ್ಚಿದರೆ ಆ ಹನ್ನೆರಡು ಮನೆ ದಿಕ್ಕಿಗೊಂದಾಗುವುದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಮೊದಲ ಹೆಜ್ಜೆ ಇಡಲಿಲ್ಲ.

ಇಕ್ಕಳದಲ್ಲಿ ಕೆಂಡ ಎತ್ತಿ ಅವರ ಬೂದಿಯ ಮೇಲಿಟ್ಟೆ. "ಒಸಿ ನನ್ನ ಜತೆ ಬಾರವ್ವ," ಎಂದರು. "ಮೇಸ್ತ್ರಿ ಮನೆಗೆ ಹೋಗಿ, ಅಲ್ಲಿಂದ ಗಾಡಿಯೋರ ಮನೆಗೆ ಹೋಗವ. ನಾನೊಬ್ಳೇ ಹೇಳಿ ಹೇಳಿ ಅವ್ರಿಗೂ ಬ್ಯಾಸರ ಆಗೈತೆ. ನೀನೂ ಮಗಿನ ಕಳ್ಕಂಡೋಳು, ನಿನ್ ಮಾತು ಕೇಳ್ತಾರೆ."

"ನನ್ನ ಕೈಲಿ ಆಗೋಲ್ಲ ಉಪದೇಶಿಯಮ್ಮ. ನನಗೆ ಸಾಕಾಗಿದೆ."

ಆಗ ಅವರು ಹೊಸಿಲ ಮೇಲೆ ಕೂತುಬಿಟ್ಟರು. ಅಷ್ಟು ವರ್ಷದಲ್ಲಿ ಯಾರ ಹೊಸಿಲ ಮೇಲೂ ಅವರು ಕೂತದ್ದನ್ನು ನಾನು ನೋಡಿರಲಿಲ್ಲ. ಸೆರಗಿನ ಅಂಚು ಹರಿದು ಗಂಟು ಹಾಕಿತ್ತು. ಕಾಲಿನ ಹಿಮ್ಮಡಿ ಬಿರುಕುಬಿಟ್ಟು ಅದರಲ್ಲಿ ಒಣಗಿದ ಸಗಣಿ.

"ನಂಗೂ ಸಾಕಾಗೈತೆ ಕಣ್ ಮಗ," ಎಂದರು. "ಸೈತಾನ ಅಂದ್ರೆ ಕೊಂಬು, ಬಾಲ ಅಂದ್ಕಂಡಿದೀಯ? ಕಾನ್ವೆಂಟ್ನೋರು ಅಂಗೇ ಚಿತ್ರ ತೋರ್ಸಿರ್ತಾರೆ. ಅವ್ನು ಬೈಯಲ್ಲ, ಹೆದರ್ಸಲ್ಲ. ಪಕ್ಕದಾಗೆ ಕುಂತ್ಕಂಡು, 'ಪಾಪ, ದಣ್ದಿದೀಯ, ಇವತ್ತೊಂದಿನ ಬ್ಯಾಡ ಬುಡು' ಅಂತಾನೆ. ಹೆತ್ತ ತಾಯಿಗಿಂತ ನಯವಾಗಿ ಅಂತಾನೆ. ನಂಗೂ ದಿನಾ ಬೆಳಗಾನ ಅಂತಾನೆ."

ನಾನು ಇಕ್ಕಳವನ್ನು ಒಲೆಯ ಪಕ್ಕಕ್ಕಿಟ್ಟೆ.

"ಸಾಕಾಗೈತೆ ಅನ್ನು, ತಪ್ಪೇನಿಲ್ಲ. ಒಬ್ಳೇ ಕುಂತ್ಕಂಡು ಅನ್ಬ್ಯಾಡ. ಹತ್ತು ಜನದ ಮಧ್ಯ ಕುಂತ್ಕಂಡು ಅನ್ನು."

ಒಲೆಯ ಮೇಲೆ ಅಂಬಲಿ ಉಕ್ಕಿತು. ಒಳಗೆ ಹೋಗಿ ಪಾತ್ರೆ ಇಳಿಸಿ ಬರುವಷ್ಟರಲ್ಲಿ ಅವರು ಎದ್ದು ಹೋಗಿದ್ದರು. ಅವರ ಹಿಂದೆ ನಾನು ಹೋಗಲಿಲ್ಲ. ಹೋಗಬಹುದಿತ್ತು.

ಮಧ್ಯಾಹ್ನ ಗೋಡೆಯಾಚೆಯಿಂದ ಗಾಡಿಯವನ ಹೆಂಡತಿ ಕೂಗಿದಳು. "ಅಕ್ಕಯ್ಯೋ! ಯಮ್ಮ ಗುಡೀಲಿ ಬಿದ್ದೋಗವ್ಳಂತೆ!"

ಮರುದಿನದ ಪೂಜೆಗೆ ನೆಲ ಸಾರಿಸುತ್ತಿದ್ದರಂತೆ. ಪೀಠದ ಬುಡದಿಂದ ಅರ್ಧ ನೆಲದವರೆಗೆ ಸಗಣಿ ಸಾರಿಸಿ, ಅಲ್ಲಿಯೇ ಮಗ್ಗುಲಾಗಿದ್ದರು. ಉಸಿರಿರಲಿಲ್ಲ. ಗುಡಿಯ ಎದುರು ಮನೆಯವಳಾದ ಮೇಸ್ತ್ರಿಯ ಹೆಂಡತಿ ಮೊದಲೇ ಬಂದಿದ್ದಳು. ಇಬ್ಬರೂ ಸೇರಿ ಅವರನ್ನು ಚಾಪೆಯ ಮೇಲೆ ಮಲಗಿಸಿದೆವು. ಆಮೇಲೆ ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಉಳಿದ ನೆಲ ಸಾರಿಸಲು ಕೂತಳು. ಗಾಡಿಯವನ ಹೆಂಡತಿ ಬಾಗಿಲ ಹೊರಗೇ ನಿಂತಿದ್ದಳು. ನೀರು ಮುಗಿಯಿತು. ಮೇಸ್ತ್ರಿಯ ಹೆಂಡತಿ ತಲೆ ಎತ್ತದೆ ಬರಿಯ ಬಿಂದಿಗೆಯನ್ನು ಬಾಗಿಲ ಕಡೆಗೆ ತಳ್ಳಿದಳು. ಸ್ವಲ್ಪ ಹೊತ್ತು ಅದು ಅಲ್ಲಿಯೇ ಇತ್ತು. ನಾನು ಎದ್ದು ತೆಗೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಗಾಡಿಯವನ ಹೆಂಡತಿ ಬಗ್ಗಿ ಎತ್ತಿಕೊಂಡು ಬಾವಿಗೆ ಹೋದಳು.

ಸ್ವಾಮಿಗಳು ಬರುವುದು ನಾಳೆ. ಜ್ವರ ಬಂದಾಗಿನಿಂದ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಪೇಟೆಯಲ್ಲಿ ಕಟ್ಟಪ್ಪಣೆ. ಚಟ್ಟಕ್ಕೆ ನಾಲ್ಕು ಹೆಗಲು ಬೇಕು. ಮೇಸ್ತ್ರಿಯ ಕಡೆ ಎಣಿಸಿದರೆ ನನ್ನ ಯಜಮಾನರೂ ಸೇರಿ ಮೂರು. ಎಲ್ಲರೂ ನಿಂತೇ ಇದ್ದರು. ಆಗ ಗಾಡಿಯವನು, ಜ್ವರದಲ್ಲಿ ಸೊರಗಿ ಇನ್ನೂ ಉದ್ದವಾಗಿ ಕಾಣುತ್ತಿದ್ದವನು, ಯಾರ ಮುಖವನ್ನೂ ನೋಡದೆ ಬಂದು ಮೇಸ್ತ್ರಿಯ ಪಕ್ಕದ ತುದಿಗೆ ಹೆಗಲು ಕೊಟ್ಟ. ಮೇಸ್ತ್ರಿ ಕುಳ್ಳು. ಚಟ್ಟ ವಾಲಿತು.

ಹತ್ತು ಹೆಜ್ಜೆ ಹಾಗೇ ನಡೆದರು. ಕೊನೆಗೆ ಮೇಸ್ತ್ರಿಗೆ ತಡೆಯಲಾಗಲಿಲ್ಲ. "ಲೇ, ಒಸಿ ಬಗ್ಗಿ ನಡೀಲಾ, ಒಂಟೆ ಹಂಗೆ ಹೋಗ್ತಾವ್ನೆ. ಯಮ್ಮ ನನ್ ಮ್ಯಾಕೇ ಬೀಳ್ತಾಳೆ."

"ನೀನೇ ಒಸಿ ಎತ್ತಿ ಹಿಡಿಯಣ್ಣ."

ಐದು ತಿಂಗಳಲ್ಲಿ ಅವರಿಬ್ಬರ ನಡುವೆ ಆದ ಮೊದಲ ಮಾತು ಅದು. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ನಕ್ಕವರೇ ಅಳತೊಡಗಿದರು. ಇನ್ನಷ್ಟು ದೂರ ಹೋದ ಮೇಲೆ ಮೇಸ್ತ್ರಿ ಮೆಲ್ಲಗೆ, "ನಡುಗ್ತಾ ಇದೀಯಲ್ಲೋ. ಇನ್ನೂ ಜ್ವರ ಐತೇನ್ಲಾ?" ಎಂದು ಕೇಳಿದ್ದು ನನಗೆ ಕೇಳಿಸಿತು. ಗಾಡಿಯವನು ಹೆಗಲನ್ನು ಒಂದಿಷ್ಟು ತಗ್ಗಿಸಿ ನಡೆದ.

ಗುಂಡಿಯ ಬಳಿ ಎಲ್ಲರಿಗೂ ಒಮ್ಮೆಲೇ ಹೊಳೆಯಿತು, ಜಪ ಹೇಳಿಸುವವರೇ ಒಳಗೆ ಮಲಗಿದ್ದಾರೆ ಎಂದು. "ನೀನು ಓದಿದೋಳಲ್ವಾ, ನೀನೇ ಹೇಳವ್ವ," ಎಂದಳು ಮೇಸ್ತ್ರಿಯ ಹೆಂಡತಿ. ಪುಸ್ತಕ ಮನೆಯ ಪೆಟ್ಟಿಗೆಯಲ್ಲಿತ್ತು. ನೆನಪಿನಿಂದಲೇ ಶುರುಮಾಡಿದೆ. ನನ್ನ ಮಗಳ ಗುಂಡಿ ಅಲ್ಲಿಂದ ನಾಲ್ಕು ಮಾರು. ಎರಡು ಸಾಲಿನಾಚೆ ಹೇಳಲಾಗಲಿಲ್ಲ. ಆದರೆ ಜಪ ನಿಲ್ಲಲಿಲ್ಲ. ನಾನು ಬಿಟ್ಟ ಕಡೆಯಿಂದ ಅವರೆಲ್ಲ ಹೇಳಿಕೊಂಡು ಹೋದರು, ಅಕ್ಷರ ಬಾರದ ಗಾಡಿಯವನು, ಮೇಸ್ತ್ರಿ, ಹೆಂಗಸರು, ಮಕ್ಕಳು. ಉಪದೇಶಿಯಮ್ಮ ಉಸಿರು ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿ, ಅವರು ಎಳೆಯುತ್ತಿದ್ದ ಕಡೆ ಎಳೆದು. ನಾನು ಅವರ ನಡುವೆ ಮಣ್ಣಿನ ಮೇಲೆ ಕೂತು ಜೋರಾಗಿ ಅತ್ತೆ. ಮಗಳು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅಂದಿನಿಂದ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಆಮೇಲೂ ಮುನಿಸುಗಳು ಬಂದವು, ಹೋದವು. ನನಗೂ ಸಾಕೆನಿಸಿದ ಬೆಳಗುಗಳಿಗೆ ಲೆಕ್ಕವಿಲ್ಲ. ಭಾನುವಾರದ ಜಪ ಹೇಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಇಪ್ಪತ್ತು ವರ್ಷ ಮಾಡಿದೆ, ಹೆಚ್ಚಿನ ದಿನ ದಣಿದೇ ಮಾಡಿದೆ. ಆ ಬೆಳಿಗ್ಗೆ ಅವರ ಹಿಂದೆ ನಡೆಯದ ನಾಲ್ಕು ಹೆಜ್ಜೆಯ ಋಣ ಅದರಿಂದ ತೀರಿತೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ, ಕತ್ತಲಾಗುವ ಮುಂಚೆ ಹಿತ್ತಲಲ್ಲಿ ಸೀರೆ ಹಿಂಡುತ್ತಿದ್ದೆ. ಗೋಡೆಯಾಚೆ ಗಾಡಿಯವನ ಹೆಂಡತಿಯೂ ಬಟ್ಟೆ ಒದರುತ್ತಿದ್ದಳು. ನನ್ನ ಕಡೆ ತಿರುಗದೆ ಅಂದಳು:

"ನಾಳೆ ಸ್ವಾಮಿಗಳ ಊಟಕ್ಕೆ ಮೇಸ್ತ್ರಿ ಹೆಂಡ್ರು ಹುರುಳಿ ಸಾರು ಮಾಡ್ತಾಳಂತೆ ಅಕ್ಕಯ್ಯ. ಅವ್ಳ ಕೈಯಾಗೆ ಯಾವತ್ತೂ ಉಪ್ಪು ಜಾಸ್ತಿ. ನೀನೂ ಒಸಿ ಏನಾರ ಮಾಡ್ಕಂಡು ಬಾ, ನಾನು ಮುದ್ದೆ ಕಟ್ತೀನಿ."