ಹೂಂ ಅನ್ನುವವರು

ತಂಗಿ ಕೊಟ್ಟ ಬೈಬಲ್ ಓದಲು ನಾನು ಹಿಡಿದದ್ದು ಭಕ್ತಿಯಿಂದಲ್ಲ, ಹಟದಿಂದ. ಬೆಟಗೇರಿಯ ಕ್ರೈಸ್ತ ಹುಡುಗನನ್ನು ಮದುವೆಯಾಗಿ ಅವಳು ಹೋದ ಮೇಲೆ ಅವ್ವ ಅವಳ ಹೆಸರೆತ್ತಿರಲಿಲ್ಲ. ಈಗ ತಂಗಿ ಬಸುರಿ. ತವರಿನವರು ಹಸಿರು ಸೀರೆ ಉಡಿಸಿ ಸೀಮಂತದ ಕುಬಸ ಮಾಡಬೇಕು. ಅವ್ವ ಮಾಡುತ್ತಾಳೋ ಇಲ್ಲವೋ ಎಂಬ ಚಿಂತೆ ಮಾತ್ರ ನನ್ನದು. ಲಕ್ಷ್ಮೇಶ್ವರದ ಮನೆಯಲ್ಲಿ ಅವ್ವನ ಜೊತೆ ಮದುವೆಯಿಲ್ಲದೆ ಉಳಿದ ದೊಡ್ಡ ಮಗಳು ನಾನು.

"ಕುಬಸ ಹಾಳಾಗ್ಲಿ ಬಿಡಕ್ಕಾ. ನೀನರ ಇದನ್ನ ಓದು, ನಾ ಎಂಥಾ ಮನ್ಯಾಗ ಅದೀನಿ ಅಂತ ತಿಳೀತೈತಿ" ಎಂದು ತಂಗಿ ಪುಸ್ತಕ ಕೈಗಿಟ್ಟಿದ್ದಳು.

ನನಗೆ ಗೊತ್ತಿದ್ದದ್ದು ಪುರಾಣ ಓದುವ ರೀತಿ ಒಂದೇ. ಜಳಕ ಮಾಡಿ, ಮಣೆಯ ಮೇಲೆ ಪುಸ್ತಕ ಇಟ್ಟು, ಮೊದಲ ಪುಟದಿಂದ ಗಟ್ಟಿಯಾಗಿ ಓದಬೇಕು. ಒಂದು ಸಾಲೂ ಬಿಡಬಾರದು, ಹಿಡಿದದ್ದನ್ನು ಅರ್ಧಕ್ಕೆ ನಿಲ್ಲಿಸಬಾರದು. ಕೇಳುವವರೊಬ್ಬರು ಹೂಂ ಅನ್ನುತ್ತಿರಬೇಕು, ಇಲ್ಲದಿದ್ದರೆ ಗೋಡೆಗೆ ಓದಿದಂತೆ. ಆ ಹೂಂ ಅವ್ವನದಾದರೆ ಕುಬಸವೂ ಆದೀತು ಎಂಬ ಹಟ ನನ್ನದು.

ಅವ್ವ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಾ ಕೇಳಿಸಿಕೊಂಡಳು. ಪುಸ್ತಕ ಯಾರದೆಂದು ಕೇಳಲಿಲ್ಲ. ಕೇಳಿದ್ದರೆ ತಂಗಿಯ ಹೆಸರು ಬಾಯಿಗೆ ಬರಬೇಕಿತ್ತು. ಜಲಪ್ರಳಯ ಬಂದಾಗ ಒಳಗಿನಿಂದ "ಹೂಂ" ಕೇಳಿಸಿತು. ನಾನು ದನಿ ಏರಿಸಿದೆ.

ಆದರೆ ಮುಂದೆ ದೇವರಿಗೆ ಕಟ್ಟುವ ಗುಡಾರದ ಅಳತೆ ಬಂತು, ಪರದೆ ಬಂತು, ಗೂಟ ಬಂತು, ಬಲಿಯ ಕೊಬ್ಬು ಬಂತು. ಓದುತ್ತಾ ಓದುತ್ತಾ ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಎದ್ದು ನೀರು ಕುಡಿದೆ, ಮತ್ತೆ ಕುಳಿತೆ, ಬಾಗಿಲಿಗೆ ಹೋಗಿ ಬಂದೆ. ಅತ್ತ ಕುಬಸದ ದಿನ ದಾಟುತ್ತಿದೆ, ಇತ್ತ ನಾನು ಗೂಟ ಬಡಿಯುತ್ತಿದ್ದೇನೆ!

"ಆ ಗುಡಾರ ಇನ್ನೂ ಎದ್ದು ನಿಲ್ಲಲಿಲ್ಲೇನು?" ಎಂದಳು ಅವ್ವ.

ತಂಗಿಗೆ ಫೋನ್ ಮಾಡಿ ರೇಗಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಮೊದಲ ಪುಟದಿಂದ ಓದು ಅಂತ ಯಾರ ಹೇಳಿದ್ರು ನಿನಗ? ಹಿಂದ ಯೇಸುವಿನ ಕಥಿ ಹೇಳೋ ಸುವಾರ್ತೆ ಅದಾವ, ಅಲ್ಲಿಂದ ಹಿಡಿ."

ಅರ್ಧಕ್ಕೆ ಬಿಡುವುದು ಹೇಗೆಂದು ನಾನು ಒದ್ದಾಡುತ್ತಿದ್ದರೆ ಅವ್ವನೇ ಒಂದು ದಾರಿ ಹೇಳಿದಳು. "ಅಲ್ಲೊಂದು ಹೂವಿಟ್ಟು, ತಿರುಗಿ ಬರ್ತೀನಿ ಅಂತ ಹೇಳಿ ಮುಂದ ಹೋಗು." ಚೆಂಡುಹೂವೊಂದನ್ನು ಇಟ್ಟು ದಾಟಿದೆ.

ಕೆಲವು ದಿನಗಳಲ್ಲಿ ಒಬ್ಬ ಅಪ್ಪ, ಇಬ್ಬರು ಮಕ್ಕಳ ಕಥೆ ಬಂತು. ಚಿಕ್ಕವನು ಮನೆ ಬಿಟ್ಟು ಹೋಗುತ್ತಾನೆ. ಅವ್ವ ಮೊರ ಹಿಡಿದೇ ಬಂದು ಹೊಸ್ತಿಲಲ್ಲಿ ಕುಳಿತು ಹೂಂ ಅಂದಳು. ಅವನು ಸೋತು ತಿರುಗಿ ಬರುವಾಗ ಅಪ್ಪ ದೂರದಿಂದಲೇ ಕಂಡು ಓಡುತ್ತಾನೆ. ಹೂಂ ನಿಂತಿತು. ಮನೆಯಲ್ಲಿ ಹಬ್ಬದೂಟ. ಹೊಲದಿಂದ ಬಂದ ದೊಡ್ಡ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದ ತನಗೆ ಯಾರು ಏನು ಮಾಡಿದರು ಎಂದು ಕೇಳುತ್ತಾನೆ. ನನ್ನ ದನಿ ತಾನಾಗಿ ಗಡಸಾಯಿತು. ತಂಗಿಗಾಗಿ ಹಿಡಿದ ಪುಸ್ತಕದಲ್ಲಿ ನನ್ನ ಹೊಟ್ಟೆಯುರಿ ಕಂಡು ಅದನ್ನು ಎತ್ತಿ ಎಸೆಯಬೇಕೆನಿಸಿತು.

"ಅವ ಒಳಗ ಬಂದನೋ ಇಲ್ಲೋ?"

"ಹೇಳಿಲ್ಲವ್ವಾ. ಅಪ್ಪ ಹೊರಗ ಬಂದು ಕರೀತಾನ. ಅಲ್ಲಿಗೇ ಮುಗೀತು."

ಅವ್ವ ಎದ್ದು ಒಳಗೆ ಹೋದಳು. ಟ್ರಂಕಿನ ಸದ್ದಾಯಿತು. ಹಸಿರು ಸೀರೆಯೊಂದನ್ನು ತಂದು ಮಣೆಯ ಪಕ್ಕದಲ್ಲಿಟ್ಟಳು. ಯಾವಾಗ ತಂದಿಟ್ಟಿದ್ದಳೋ! ನನಗೆ ಯಾರೂ ಎಂದೂ ಉಡಿಸದ ಸೀರೆ ಅದು.

"ನಿನಗ ಸಿಟ್ಟ ಐತಿ ಅಂತ ಗೊತ್ತೈತಿ ನನಗ. ಈ ಮನಿ ನೀ ನಡಸೀದಿ. ನೀ ಹೂಂ ಅಂದ್ರಷ್ಟ ಅಕಿನ್ನ ಕರೀತೀನಿ" ಎಂದಳು ಅವ್ವ.

ಮೊರ ತೊಡೆಯ ಮೇಲಿಟ್ಟುಕೊಂಡು ಅವಳು ಕಾದಳು. ಪುಸ್ತಕ ಮುಚ್ಚಿದೆ, ಮತ್ತೆ ತೆರೆದೆ. ಕರೆಯಲು ಬೆಟಗೇರಿಗೆ ನಾನೇ ಹೋಗಬೇಕು, ಹೋಳಿಗೆಗೆ ಬೇಳೆ ನಾನೇ ಬೇಯಿಸಬೇಕು.

"ಹೂಂ" ಅಂದೆ.