ಒಂದೇ ಗಂಗಾಳದ ಹೊಣೆ

ತಿಪ್ಪೇಶ, ಕಂಕಣದ ಮಾತನ್ನು ಮೊದಲು ಮುರಿದವನು ನೀನಲ್ಲ, ನಾನು. ನೀನು ಸತ್ತ ಮೇಲೆ ಇದನ್ನು ಬರೆಯುತ್ತಿದ್ದೇನೆ — ಬದುಕಿದ್ದಾಗ ಹೇಳುವ ಎದೆ ನನಗಿರಲಿಲ್ಲ.

ಓದುವವರಿಗೆ ನಮ್ಮ ಪದ್ಧತಿ ತಿಳಿಯಬೇಕು. ಕೊಂಡಜ್ಜಿ ಹತ್ತಿರದ ನಮ್ಮ ನಾಯಕ ಜನರ ಹಟ್ಟಿಯಲ್ಲಿ, ಕುಡಿತ ಬಿಡುವವನನ್ನು ಒಂಟಿಯಾಗಿ ಬಿಡುವುದಿಲ್ಲ. ದೇವರ ಕಟ್ಟೆಯ ಮುಂದೆ ಅವನ ಕೈಗೂ ಅವನ ನೆಂಟನೊಬ್ಬನ ಕೈಗೂ ಅರಿಶಿನದ ಕಂಕಣ ಕಟ್ಟುತ್ತಾರೆ. ಆ ನೆಂಟನೇ ಹೊಣೆ. ಕಂಕಣ ಬಿಚ್ಚುವ ತನಕ ಇಬ್ಬರೂ ಒಂದೇ ಗಂಗಾಳದಲ್ಲಿ ಉಣ್ಣಬೇಕು, ಇಬ್ಬರೂ ಹೆಂಡ ಮುಟ್ಟಬಾರದು. ಮಾತು ಮುರಿದವನಿಗೆ ಮತ್ತೆ ಯಾರೂ ಹೊಣೆ ನಿಲ್ಲುವುದಿಲ್ಲ.

ನೀನು ನನ್ನ ಹೆಂಡತಿ ರತ್ನಳ ತಮ್ಮ, ಹರಿಹರದಲ್ಲಿ ಲಾರಿ ತುಂಬುತ್ತಿದ್ದವನು. ನಾನಿರುವ ಪಟ್ಟಣದ ಪಿ.ಜೆ. ಬಡಾವಣೆಯ ಡಾಕ್ಟರು ನಿನ್ನ ಕೈ ನಡುಕ ನಿಲ್ಲುವವರೆಗೆ ಔಷಧ ಕೊಟ್ಟು, “ಇನ್ನು ನಿಮ್ಮ ಜನರ ನಡುವೆ ಇರ್ಲಿ, ಜೊತೆಗೊಬ್ಬ ಬೇಕು” ಎಂದರು. ಹಟ್ಟಿಯ ಹಿರಿಯ ಓಬಜ್ಜ ಕಟ್ಟೆಯ ಮೇಲೆ ಕೇಳಿದ, “ಹೊಣೆ ಯಾರು ನಿಲ್ತೀರಲೇ?”

ನಾನೆದ್ದೆ. ಶಾಲೆ ಅರ್ಧಕ್ಕೆ ಬಿಟ್ಟು ಕೆ.ಬಿ. ಬಡಾವಣೆಯಲ್ಲಿ ಸ್ವಂತ ವೆಲ್ಡಿಂಗ್ ಶಾಪ್ ಮಾಡಿದವನು — ಎದೆಯುಬ್ಬಿಸಿಯೇ ಎದ್ದೆ.

ಓಬಜ್ಜ ನಕ್ಕ. “ಏ ಸಾವ್ಕಾರ, ಕಬ್ಣ ಬೆಸೆದಂಗಲ್ಲ ಇದು. ನಿನಗೂ ಅಷ್ಟೇ ಕಟ್ಟು ಐತೆ.”

ತಲೆಯಾಡಿಸಿದೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ರೋಗ ನಿನ್ನದು, ಕಾವಲು ನನ್ನದು — ಹಾಗೆಂದುಕೊಂಡಿದ್ದೆ.

ನೀನು ನಮ್ಮ ಮನೆಯಲ್ಲೇ ಉಳಿದೆ. ಶಾಪಿನಲ್ಲಿ ಗ್ರಿಲ್ ಉಜ್ಜಿದೆ. ಮುಖಕ್ಕೆ ಕಳೆ ಬಂತು. ಊಟಕ್ಕೆ ಕೂತರೆ ಮುದ್ದೆಯ ದೊಡ್ಡ ಪಾಲು ನನ್ನ ಕಡೆ ತಳ್ಳಿ, “ಉಣ್ರಿ ಭಾವ, ನೀವು ಉಂಡ್ರೆ ನಂಗೂ ಶಕ್ತಿ ಬರ್ತೈತೆ” ಎಂದು ರೇಗಿಸುತ್ತಿದ್ದೆ.

ಒಂದು ಸಂಜೆ ದೊಡ್ಡ ಗೇಟೊಂದನ್ನು ನಿಲ್ಲಿಸಿದ ಖುಷಿಗೆ ಆ ಮನೆಯ ಮಾಲೀಕ ಗ್ಲಾಸು ಚಾಚಿದ. ಬೇಡ ಎನ್ನಲು ಕಂಕಣ ತೋರಿಸಬೇಕಿತ್ತು. ತೋರಿಸಿದರೆ ನನ್ನನ್ನೂ ಕುಡುಕ ಎಂದುಕೊಂಡರೆ — ಅಷ್ಟೇ, ಅದೊಂದೇ ಅಹಂಕಾರ. ಅಂಗಿಯ ತೋಳನ್ನು ಕಂಕಣದ ಮೇಲೆ ಎಳೆದುಕೊಂಡು ಕುಡಿದೆ. ಸೋಂಪು ಜಗಿಯುತ್ತಾ ಮನೆಗೆ ಬಂದೆ.

ಗಂಗಾಳದ ಮುಂದೆ ಕೂತೆವು. ನಾನು ಏನೋ ಮಾತಾಡಿದೆ. ತುತ್ತು ಹಿಡಿದ ನಿನ್ನ ಕೈ ಅಲ್ಲೇ ನಿಂತಿತು. ಆ ವಾಸನೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಮುಖ ನೋಡಲಿಲ್ಲ ನೀನು. “ನೀವು ಉಣ್ರಿ ಭಾವ. ನಂಗೆ ಹಸಿವಿಲ್ಲ” ಎಂದು ಎದ್ದುಹೋದೆ.

ನಾನು ಉಂಡೆ. ನಿನ್ನ ಪಾಲನ್ನೂ.

ಮರುದಿನ ನೀನು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಬಿದ್ದಿದ್ದೆ. ಹಟ್ಟಿಯ ಜನ ಸೇರಿದಾಗ ಓಬಜ್ಜ ಕೇಳಿದ, “ಯಾರು ಮುರಿದ್ರು?” ನೀನು ಬಾಯಿ ಬಿಡಲಿಲ್ಲ, ರತ್ನ ಅಲ್ಲೇ ನಿಂತಿದ್ದಳು. ಅಕ್ಕನ ಗಂಡನ ಮರ್ಯಾದೆ — ಅದಕ್ಕೇ ಇರಬೇಕು. ನಾನು ಹೇಳಿದೆ, “ಅವನೇ.”

ನಿನ್ನ ಕಂಕಣ ಕತ್ತರಿಸಿದರು. ನನ್ನದನ್ನು ಬಿಚ್ಚಿ, ಮಾತು ಉಳಿಸಿಕೊಂಡವನೆಂದು ಕೈಗೆ ವೀಳ್ಯ ಕೊಟ್ಟರು. ಅದನ್ನೂ ತೆಗೆದುಕೊಂಡೆ.

ಇನ್ನೊಮ್ಮೆ ಬಿಡ್ತೀನಿ ಎಂದು ನೀನೇ ಕಟ್ಟೆಗೆ ಬಂದೆಯಲ್ಲ — ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಆಮೇಲೆ ನಿನ್ನ ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು...

ಈಗ ಓಬಜ್ಜ ಹೇಳಿಕಳಿಸಿದ್ದಾನೆ. ಹಟ್ಟಿಯ ಇನ್ನೊಬ್ಬ ಕುಡಿತ ಬಿಡಬೇಕಂತೆ, ಹೊಣೆಗೆ ನನ್ನಂಥ ಗಟ್ಟಿ ಮನುಷ್ಯನೇ ಬೇಕಂತೆ.

ನಾಳೆ ಹೋಗುತ್ತೇನೆ. ರತ್ನಳನ್ನೂ ಕರೆದೊಯ್ಯುತ್ತೇನೆ, ಅವಳಿಗೂ ಇದು ಗೊತ್ತಿಲ್ಲ. ಕಂಕಣಕ್ಕೆ ಕೈ ಚಾಚುವುದಿಲ್ಲ. ಕಟ್ಟೆಯ ಮುಂದೆ ನಿಂತು ಅಂದಿನ ಮಾತನ್ನು ತಿದ್ದುತ್ತೇನೆ — ಅವನಲ್ಲ, ನಾನು. ಆಮೇಲೆ ನನ್ನ ಗಂಗಾಳಕ್ಕೆ ಯಾರೂ ಕೈ ಹಾಕದಿದ್ದರೆ, ಒಬ್ಬನೇ ಉಣ್ಣುತ್ತೇನೆ. ಅವತ್ತೂ ಒಬ್ಬನೇ ಉಂಡೆನಲ್ಲ.