ಎಣ್ಣೆ ಒರೆಸಿ ಒಳಗೆ ಬನ್ನಿ

ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ತುಟಿ ಇನ್ನೂ ಉಪ್ಪುಪ್ಪು.

ಗೋಡೆಗೆಲ್ಲ ಉಪ್ಪು ಮೆತ್ತಿದ ಕೋಣೆಯೊಂದು ಇಲ್ಲಿನ ಆಸ್ಪತ್ರೆಯಲ್ಲಿದೆ. ಅದರಲ್ಲಿ ಮುಕ್ಕಾಲು ಗಂಟೆ ಕೂತರೆ ಕೆಮ್ಮಿಗೂ ಸೋರಿಯಾಸಿಸ್‌ಗೂ ಹಿತವಂತೆ. ಆ ಚರ್ಮರೋಗ ನನ್ನ ಮೊಣಕೈಗಳಿಗೆ ಅಂಟಿಕೊಂಡು ಹನ್ನೊಂದು ವರ್ಷವಾಯಿತು. ಅದಕ್ಕೇ ಈ ಬಿಸಿಲಲ್ಲೂ ತುಂಬುತೋಳಿನ ಕುರ್ತಾ.

ಇವತ್ತು ಆ ಕೋಣೆಯ ಬಾಗಿಲಲ್ಲಿ ನನ್ನ ಮುಂದಿದ್ದ ಹಾಲ್ಕುರಿಕೆಯ ಅಜ್ಜಿಯನ್ನು ಸಿಸ್ಟರ್ ತಡೆದಳು.

"ಎಣ್ಣೆ ಹಚ್ಚಿದ್ದೀರಲ್ಲ, ಅಜ್ಜಿ? ಒರೆಸಿ ಬನ್ನಿ. ಎಣ್ಣೆ ಇದ್ರೆ ಉಪ್ಪು ಚರ್ಮಕ್ಕೆ ತಾಕಲ್ಲ."

"ಕೊಬ್ರಿ ಎಣ್ಣೆ ಹಚ್ಚದೆ ಹೊಸ್ಲು ದಾಟಿದೋಳೇ ಅಲ್ಲ ಕಣಮ್ಮ ನಾನು. ಒರೆಸಿದ್ರೆ ಹೊಟ್ಟು ಏಳ್ತದೆ, ಎಲ್ಲಾರ್ಗೂ ಕಾಣ್ತದೆ."

ಬೆಂಚಿನ ಮೇಲಿದ್ದ ಇಬ್ಬರು ಗಂಡಸರು ಫೋನಿನಿಂದ ತಲೆಯೆತ್ತಿದರು. ಅಜ್ಜಿ ಅವರನ್ನೊಮ್ಮೆ ನೋಡಿ, ಸೆರಗಿನಿಂದ ಎರಡೂ ತೋಳು ಉಜ್ಜಿದರು. ಬಿಳಿ ಪೊರೆ ಎದ್ದಿತು. ಒಬ್ಬ ಬೆಂಚಿನ ಆ ತುದಿಗೆ ಸರಿದ.

"ನಿಮಗೇನು ತೊಂದರೆ?" ಸಿಸ್ಟರ್ ನನ್ನತ್ತ ತಿರುಗಿದಳು.

"ಕೆಮ್ಮು" ಎಂದೆ.

ಒಳಗೆ ನಾವಿಬ್ಬರೇ. ಯಂತ್ರ ಗುಂಯ್ ಎನ್ನುತ್ತ ಉಪ್ಪಿನ ಪುಡಿ ಊದುತ್ತಿತ್ತು. ಕುರ್ತಾದೊಳಗೆ ಮೊಣಕೈ ತಡೆಯಲಾಗದಷ್ಟು ತುರಿಸಿತು. ಎರಡು ಸಲ ಅತ್ತ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ತೊಡೆಯ ಕೆಳಗೆ ಒತ್ತಿಟ್ಟೆ. ಅಜ್ಜಿ ನನ್ನನ್ನೇ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ಚೀಲದಿಂದ ಎಣ್ಣೆ ಸೀಸೆ ತೆಗೆದು ತಮ್ಮ ತೋಳಿಗೆ ಹಚ್ಚಿಕೊಂಡರು. ಉಳಿದದ್ದನ್ನು ಸೀಸೆ ಸಮೇತ ನನ್ನ ಕೈಗಿಟ್ಟರು.

"ಅಷ್ಟೊತ್ತು ಕೂತಿದ್ರೂ ಒಂದ್ಸಲನೂ ಕೆಮ್ಮಲಿಲ್ವಲ್ಲವ್ವ. ತಗೋ, ಮೊಣಕೈಗೆ ಹಚ್ಕೋ."